ವೇಷಕ್ರೀಡೆಯಲ್ಲಿ ದ್ರವ್ಯವಿಚಾರ: ನಗರ್ತಪೇಟೆಯ ಕರಗವನ್ನು ಕುರಿತು

ರೂಪಕವನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಮರ್ಶೆ ಬಹುಮಟ್ಟಿಗೆ ಮಾತಿನ ವಿಮರ್ಶೆ. ವಸ್ತು, ಪಾತ್ರ, ಸಂವಾದ, ರಸ ಇವುಗಳ ವಿಚಾರವಾಗಿ ಬೇಕಾದಷ್ಟು ಬರೆದಿದ್ದೇವೆ. ಆದರೆ ನಟನ ತಲೆಯ ಮೇಲಿರುವ ಕಿರೀಟ ಯಾವುದರಿಂದ ಆದುದು, ಅದನ್ನು ಮಾಡಿದವರು ಯಾರು, ಅದರ ಸಾಮಗ್ರಿ ಎಲ್ಲಿಂದ ಬಂದಿತು, ಆ ಸಾಮಗ್ರಿ ದೊರೆಯದೆ ಹೋದರೆ ಪಾತ್ರದ ಗತಿಯೇನು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಇವು ಬಡಗಿಯ, ಕುಂಬಾರನ, ಹೂವಾಡಗಿತ್ತಿಯ ಪ್ರಶ್ನೆಗಳೆಂದು ಸಾಹಿತ್ಯದ ಅಧ್ಯಾಪಕರಾದ ನಾವು ಬದಿಗಿಟ್ಟಿದ್ದೇವೆ. ಭರತಮುನಿಗೆ ಈ ಅನಾದರವಿರಲಿಲ್ಲ. ಆಹಾರ್ಯಾಭಿನಯಕ್ಕೆಂದು ಆತ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ನೇಪಥ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಜೀವ ಎಂದು ನಾಲ್ಕಾಗಿ ವಿಭಾಗಿಸಿ, ಬೆಟ್ಟ ವಿಮಾನ ಗುರಾಣಿ ಧ್ವಜಗಳನ್ನು ರಂಗಕ್ಕಾಗಿ ಹೇಗೆ ನಿರ್ಮಿಸಬೇಕೆಂಬುದನ್ನು ಕುಶಲಕರ್ಮಿಗೆ ಹೇಳುವಂತೆ ಹೇಳಿದ್ದಾನೆ. ಅಲ್ಲಿ ಒಂದು ಮಾತು ಬಹಳ ಮುಖ್ಯವಾದುದು. ರಂಗದ ಉಪಕರಣಗಳನ್ನು ಲೋಹದಿಂದ ಮಾಡಬಾರದು, ಅವು ಭಾರವಾಗಿ ನಟನನ್ನು ದಣಿಸುತ್ತವೆ. ಅರಗು, ಬಟ್ಟೆ, ತೊಗಲು, ಬಿದಿರಿನ ಸೀಳು, ಹಗುರವಾದ ಮರ ಇವುಗಳಿಂದ ಮಾಡಬೇಕು ಎಂಬುದು ಅವನ ಮತ. ಆಯುಧದಿಂದ ರಂಗದ ಮೇಲೆ ನಿಜವಾಗಿ ಕಡಿಯುವುದಾಗಲಿ ಇರಿಯುವುದಾಗಲಿ ಕೂಡದು. ಸಂಜ್ಞೆಯಿಂದ ತೋರಿಸಿದರೆ ಸಾಕು. ನಮ್ಮ ಯಕ್ಷಗಾನದ ಎದೆಪದಕ, ಭುಜಕೀರ್ತಿಗಳು ಹಗುರಮರದಲ್ಲಿ ಕೆತ್ತಿ ಬಣ್ಣದ ಕಾಗದ, ಕನ್ನಡಿಚೂರುಗಳಿಂದ ಮೆರುಗುಗೊಳಿಸಿದವಾಗಿರುವುದು ಈ ವಿಧಿಗೆ ಸಮ್ಮತವೇ ಆಗಿದೆ.

ಈ ಹಳೆಯ ವಿಚಾರವನ್ನು ಮತ್ತೆ ಎತ್ತಿಕೊಳ್ಳಲು ನಮಗೆ ಪ್ರೇರಣೆಯಾದುದು ಹೊಸದೊಂದು ವಿನೋದ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಅರ್ಧ ಶತಮಾನದಿಂದ ವೇಷ ಕಟ್ಟಿ ಆಡುವ ಒಂದು ಬಗೆಯ ಕ್ರೀಡೆ ಬೆಳೆದುಬಂದಿದೆ. ಅದರಲ್ಲಿ ಪ್ರೇಕ್ಷಕರಿಲ್ಲ, ಬಂದವರೆಲ್ಲರೂ ಪಾತ್ರಧಾರಿಗಳೆ. ಬರೆದಿಟ್ಟ ಸಂವಾದವಿಲ್ಲ, ನಿಯಮಗಳ ಒಂದು ಚೌಕಟ್ಟಿರುತ್ತದೆ, ಅದರೊಳಗೆ ಕಥೆ ಆಡಿದಂತೆ ನಡೆಯುತ್ತದೆ. ಅಮೆರಿಕದಲ್ಲಿ 1977ರಲ್ಲಿ ಆರಂಭವಾದ ಡ್ಯಾಗೊರ್‌ಹಿರ್, ಇಂಗ್ಲೆಂಡಿನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಮೊದಲಾದ ಟ್ರೆಷರ್ ಟ್ರ್ಯಾಪ್ ಇವು ಇದರ ಆದಿಯ ನಿದರ್ಶನಗಳು. ಇದರ ಒಂದು ಶಾಖೆ ಲೋಕನಾಶದ ನಂತರದ ಕಾಲವನ್ನು ಕಲ್ಪಿಸಿಕೊಳ್ಳುತ್ತದೆ. ಮಹಾಯುದ್ಧವೋ ಮಹಾಮಾರಿಯೋ ಬಂದು ನಾಗರಿಕತೆ ಅಳಿದಿದೆ. ಉಳಿದ ಕೆಲವರು ಹಾಳೂರಿನಲ್ಲಿ ತಗಡು, ತಂತಿ, ಬೇರು, ನಾರುಗಳನ್ನು ಆಯ್ದು, ಅವುಗಳಿಂದ ಮದ್ದು, ಆಯುಧ, ಹೊದಿಕೆಗಳನ್ನು ಮಾಡಿಕೊಂಡು ಬದುಕಬೇಕಾಗಿದೆ. ಇಂತಹ ಕ್ರೀಡೆಯಲ್ಲಿ ಸಾಮಗ್ರಿಯ ಸಂಗ್ರಹವೂ ನಿರ್ಮಾಣವೂ ಕಥೆಯ ಹಿನ್ನೆಲೆಯಾಗಿರದೆ ಕಥೆಯೇ ಆಗಿಬಿಡುವುದು ಸಹಜ. ಯಾರ ಬಳಿ ಏನಿದೆ ಎಂಬುದರಿಂದಲೇ ಅಲ್ಲಿ ಸ್ನೇಹ, ವೈರ, ಒಪ್ಪಂದ, ಕಳವುಗಳು ಹುಟ್ಟುತ್ತವೆ.

ಆದರೆ ಆ ಸಾಮಗ್ರಿಯ ಸ್ವರೂಪವೇನು? ವಿಮರ್ಶೆಗೆ ಎಡೆಯಿರುವುದು ಇಲ್ಲಿ. ಅನೇಕ ಕ್ರೀಡೆಗಳಲ್ಲಿ ಅದು ಒಂದು ಚೀಟಿ. ಆಟಗಾರನು ಇಂತಿಷ್ಟು ಹೊತ್ತು ಹುಡುಕಿದಂತೆ ನಟಿಸಿದರೆ ನಿರ್ವಾಹಕನು ಅವನ ಕೈಗೆ ‘ಕಬ್ಬಿಣ’ ಎಂದು ಅಚ್ಚು ಹಾಕಿದ ಕಾಗದವನ್ನು ಕೊಡುತ್ತಾನೆ. ಇಷ್ಟು ಕಬ್ಬಿಣದ ಚೀಟಿ, ಇಷ್ಟು ನಾರಿನ ಚೀಟಿ ಕೂಡಿದರೆ ಕತ್ತಿಯ ಚೀಟಿ. ಆ ಕತ್ತಿಯೆಂಬುದೂ ನೊರೆರಬ್ಬರಿನ ಮೇಲೆ ಹಾಲುರಬ್ಬರು ಬಳಿದು ಮಾಡಿದ್ದು, ಹೊಡೆದರೆ ನೋಯದು. ಭರತನು ಈ ಕತ್ತಿಯನ್ನು ಕಂಡಿದ್ದರೆ ತಲೆದೂಗುತ್ತಿದ್ದನು. ಹಗುರ, ನಿರಪಾಯ, ಸಂಜ್ಞಾಮಾತ್ರ: ಅವನು ಹೇಳಿದ ಮೂರೂ ಲಕ್ಷಣಗಳು ಅದರಲ್ಲಿವೆ. ಇದಕ್ಕೆ ವಿರುದ್ಧವಾದ ಪಕ್ಷವೂ ಇದೆ. ಕ್ಯಾಲಿಫೋರ್ನಿಯದ ಮೊಹಾವೆ ಮರುಭೂಮಿಯಲ್ಲಿ 2010ರಿಂದ ನಡೆಯುತ್ತಿರುವ ವೇಸ್ಟ್‌ಲ್ಯಾಂಡ್ ವೀಕೆಂಡ್ ಎಂಬ ಮೇಳದಲ್ಲಿ ವೇಷವಿಲ್ಲದವರಿಗೆ ಪ್ರವೇಶವಿಲ್ಲ. ಅಲ್ಲಿಗೆ ಬರುವವರು ಹಳೆಯ ಟೈರು, ಸರಪಣಿ, ತುಕ್ಕುತಗಡುಗಳಿಂದ ತಾವೇ ಹೊಲಿದು ಬಡಿದು ಮಾಡಿದ ಕವಚಗಳನ್ನು ತೊಡುತ್ತಾರೆ. ಮ್ಯಾಡ್ ಮ್ಯಾಕ್ಸ್ ಎಂಬ ಚಲಚ್ಚಿತ್ರಮಾಲೆಯ ಪ್ರಭಾವದಿಂದ ಹುಟ್ಟಿದ ಈ ಮೇಳದಲ್ಲಿ ಸಾಮಗ್ರಿ ನಿಜವಾದುದು, ಅದನ್ನು ಮಾಡುವ ಕೈಯೂ ನಿಜವಾದುದು. ಆದರೆ ಅಭಾವ ನಿಜವಾದುದಲ್ಲ. ಬೇಕಾದ ಟೈರು ಬೇಕಾದಷ್ಟು ಸಿಕ್ಕುವ ಸಮಾಜವೊಂದು ಬೇಲಿಯ ಆಚೆಗೇ ಇದೆ. ಚೀಟಿಯ ಕ್ರೀಡೆಯಲ್ಲಾದರೋ ಅಭಾವವನ್ನು ನಿಯಮದಿಂದ ಸೃಷ್ಟಿಸಿದ್ದಾರೆ, ದ್ರವ್ಯ ಮಾತ್ರ ಇಲ್ಲ. ಒಂದರಲ್ಲಿ ವಸ್ತುವಿದ್ದು ಕೊರತೆಯಿಲ್ಲ, ಇನ್ನೊಂದರಲ್ಲಿ ಕೊರತೆಯಿದ್ದು ವಸ್ತುವಿಲ್ಲ. ಎರಡೂ ಒಟ್ಟಿಗೆ ಇರುವ ವೇಷಕ್ರೀಡೆ ಯಾವುದಾದರೂ ಉಂಟೆ ಎಂದು ಹುಡುಕಿದಾಗ ನಮ್ಮ ದೃಷ್ಟಿ ದೂರ ಹೋಗಬೇಕಾಗಲಿಲ್ಲ. ಬೆಂಗಳೂರಿನ ನಗರ್ತಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದ ಬಳಿಗೆ ಬಂದು ನಿಂತಿತು.

ಕರಗವನ್ನು ಕ್ರೀಡೆಯೊಡನೆ ಹೋಲಿಸುವುದು ಕೆಲವರಿಗೆ ಅಪಚಾರವಾಗಿ ತೋರಬಹುದು. ವಹ್ನಿಕುಲ ಕ್ಷತ್ರಿಯರಾದ ತಿಗಳ ಸಮುದಾಯದವರಿಗೆ ಅದು ವ್ರತ, ಶಕ್ತಿಯ ಆವಾಹನೆ. ಅದರಲ್ಲಿ ವಿನೋದದ ಅಂಶವನ್ನು ನಾವು ಆರೋಪಿಸುತ್ತಿಲ್ಲ. ಆದರೆ ವ್ರತವೂ ಒಂದು ರೂಪವನ್ನು ತಾಳಿಯೇ ನಡೆಯಬೇಕು, ಆ ರೂಪವನ್ನು ಪರಿಶೀಲಿಸುವ ಹಕ್ಕು ವಿಮರ್ಶೆಗೆ ಉಂಟು. ಇಲ್ಲಿಯೂ ನಿಯತವಾದ ಪಾತ್ರಗಳಿವೆ; ಪಾತ್ರಧಾರಿಗಳೂ ಭಕ್ತರೂ ಬೇರೆಬೇರೆಯಾಗಿ ನಿಲ್ಲುವ ರಂಗವಿಲ್ಲ, ಊರೇ ರಂಗ; ಬರೆದ ಸಂವಾದವಿಲ್ಲ. ಮುಖ್ಯವಾಗಿ, ಇದರ ಕಥೆ ಲೋಕನಾಶದ ನಂತರದ ಕಥೆ.

ಆ ಕಥೆ ಬಲ್ಲವರಿಗೆ ಬಲ್ಲುದೇ ಆದರೂ ಪ್ರಕೃತಕ್ಕೆ ಬೇಕಾದಷ್ಟನ್ನು ಹೇಳುತ್ತೇವೆ. ಕುರುಕ್ಷೇತ್ರ ಮುಗಿದಿದೆ. ಹದಿನೆಂಟು ಅಕ್ಷೋಹಿಣಿ ಸೈನ್ಯ ಅಳಿದಿದೆ. ಪಾಂಡವರು ರಾಜ್ಯವನ್ನು ಬಿಟ್ಟು ಸ್ವರ್ಗಾರೋಹಣಕ್ಕೆ ಹೊರಟಿದ್ದಾರೆ. ದಾರಿಯಲ್ಲಿ ದ್ರೌಪದಿ ಮೂರ್ಛೆಹೋಗಿ ಬೀಳುತ್ತಾಳೆ; ಗಂಡಂದಿರು ಮುಂದೆ ನಡೆದುಬಿಡುತ್ತಾರೆ. ವ್ಯಾಸಭಾರತದಲ್ಲಿ ಅವಳ ಕಥೆ ಅಲ್ಲಿಗೆ ಮುಗಿಯಿತು. ತಿಗಳರ ಪರಂಪರೆಯಲ್ಲಿ ಅಲ್ಲಿಂದಲೇ ಮೊದಲಾಗುತ್ತದೆ. ಎಚ್ಚರವಾದಾಗ ಎದುರಿಗೆ ತಿಮಿರಾಸುರನಿದ್ದಾನೆ. ಕಾಪಾಡುವವರು ಯಾರೂ ಉಳಿದಿಲ್ಲ. ಆಗ ಅವಳು ಆದಿಶಕ್ತಿಯ ರೂಪವನ್ನು ತಾಳಿ, ತಲೆಯಿಂದ ವೀರಕುಮಾರರನ್ನೂ ಹಣೆಯಿಂದ ಗಣಾಚಾರಿಯನ್ನೂ ಕಿವಿಯಿಂದ ಗೌಡರನ್ನೂ ಬಾಯಿಂದ ಗಂಟೆಪೂಜಾರಿಯನ್ನೂ ಭುಜದಿಂದ ಪೋತರಾಜನನ್ನೂ ಸೃಷ್ಟಿಸಿ ಅಸುರನನ್ನು ಕೊಲ್ಲುತ್ತಾಳೆ. ಹೊರಟು ನಿಂತ ತಾಯಿಯನ್ನು ಮಕ್ಕಳು ಹೋಗಗೊಡುವುದಿಲ್ಲ. ವರ್ಷಕ್ಕೊಮ್ಮೆ ಬಂದು ಮೂರು ದಿನ ಇರುವೆನೆಂದು ಆಕೆ ಮಾತು ಕೊಡುತ್ತಾಳೆ. ಚೈತ್ರಮಾಸದ ಕರಗ ಆ ಮಾತಿನ ನೆರವೇರಿಕೆ.

ಇಲ್ಲಿ ನಾವು ಗಮನಿಸಬೇಕಾದುದು, ಎಲ್ಲವೂ ಮುಗಿದ ಮೇಲೆ ಒಬ್ಬಂಟಿಯಾಗಿ ಉಳಿದವಳ ಕೈಯಲ್ಲಿ ಸಾಮಗ್ರಿ ಯಾವುದೂ ಇರಲಿಲ್ಲವೆಂಬುದು. ಅರಮನೆಯಿಲ್ಲ, ಆಯುಧಾಗಾರವಿಲ್ಲ, ಅಕ್ಷಯಪಾತ್ರೆಯೂ ಇಲ್ಲ. ತನ್ನ ಮೈಯನ್ನೇ ದ್ರವ್ಯವಾಗಿ ಮಾಡಿಕೊಂಡು ಆಕೆ ಒಂದು ಕುಲವನ್ನು ಕಟ್ಟಿದಳು. ಯುದ್ಧಾನಂತರದ ಶೂನ್ಯವನ್ನು ಕನ್ನಡದ ಕವಿಗಳಲ್ಲಿ ರನ್ನನಷ್ಟು ಬಲವಾಗಿ ಕಂಡವರಿಲ್ಲ. ಹೆಣಗಳ ನಡುವೆ ಒಬ್ಬನೇ ನಡೆಯುವ ಅವನ ದುರ್ಯೋಧನನನ್ನು ಬಿ. ಎಂ. ಶ್ರೀಯವರು ‘ಗದಾಯುದ್ಧ ನಾಟಕಂ’ ಎಂಬ ಕೃತಿಯಲ್ಲಿ ದುರಂತನಾಯಕನಾಗಿ ಮರುಕಲ್ಪಿಸಿದರು. ಆದರೆ ಆ ದುರ್ಯೋಧನನು ಕೊಳವನ್ನು ಹೊಕ್ಕು ಅಡಗುತ್ತಾನೆ. ಪೇಟೆಯ ದ್ರೌಪದಿ ಕೊಳದಿಂದ ಎದ್ದುಬರುತ್ತಾಳೆ. ಒಂದೇ ಯುದ್ಧದ ಎರಡು ಶೇಷಗಳು, ಒಂದು ಪಂಡಿತರ ಕಾವ್ಯದಲ್ಲಿ, ಒಂದು ತೋಟಗಾರರ ಬೀದಿಯಲ್ಲಿ. ಈ ಎರಡನ್ನೂ ಒಂದೇ ತರಗತಿಯಲ್ಲಿ ಪಾಠ ಹೇಳಿದ ಅಧ್ಯಾಪಕರನ್ನು ನಾವು ಇನ್ನೂ ಕಂಡಿಲ್ಲ.

ಈಗ ದ್ರವ್ಯಗಳನ್ನು ನೋಡೋಣ. ಎಲ್ಲಕ್ಕೂ ಮೊದಲು ಮಣ್ಣು. ಹುಣ್ಣಿಮೆಯ ಹೂವಿನ ಕರಗಕ್ಕೆ ಮುನ್ನ ಹಸಿಕರಗ ನಡೆಯುತ್ತದೆ. ಪರಂಪರೆಯಂತೆ ಇದು ಸಂಪಂಗಿ ಕೆರೆಯ ಮಣ್ಣಿನಿಂದ ಆದುದು, ಬೆಂಕಿ ಕಾಣದುದು. ಸುಡದ ಮಡಕೆ! ಕುಂಬಾರನ ದೃಷ್ಟಿಯಿಂದ ಇದು ಅರ್ಧ ಮುಗಿದ ಕೆಲಸ. ನೀರು ತುಂಬಿದರೆ ಕದಡುತ್ತದೆ, ತಟ್ಟಿದರೆ ಒಡೆಯುತ್ತದೆ. ಸಂಸ್ಕೃತದ ‘ಕರಕ’ ಎಂದರೆ ನೀರಿನ ಪಾತ್ರೆ. ಕರಗ ಎಂಬುದು ಅದರ ತದ್ಭವವಾಗಿರಬೇಕು. ‘ಕ’ ಎಂದರೆ ಕೈಯಿಂದ ಮುಟ್ಟದೆ, ‘ರ’ ಎಂದರೆ ರುಂಡದ ಮೇಲೆ ಧರಿಸಿ, ‘ಗ’ ಎಂದರೆ ಗತಿಸುವುದು ಎಂದು ಜನ ಹೇಳುವ ನಿರುಕ್ತಿ ಭಾಷಾಶಾಸ್ತ್ರಕ್ಕೆ ಒಪ್ಪದಿದ್ದರೂ ಕ್ರಿಯೆಯನ್ನು ಸರಿಯಾಗಿ ವರ್ಣಿಸುತ್ತದೆ. ಇನ್ನು, ಕನ್ನಡ ಕಿವಿಗೆ ‘ಕರಗು’ ಎಂಬ ಕ್ರಿಯಾಪದ ಕೇಳಿಸದೆ ಇರದು. ವ್ಯುತ್ಪತ್ತಿಯಲ್ಲಿ ಅದಕ್ಕೆ ಸ್ಥಾನವಿಲ್ಲವೆಂದು ಬಲ್ಲೆವು. ಆದರೂ ಕರಗಬಲ್ಲ ಪಾತ್ರೆಯನ್ನು ತಲೆಯ ಮೇಲಿಟ್ಟು ಕೈಬಿಟ್ಟು ನಡೆಯುವವನ ವಿಷಯದಲ್ಲಿ ಆ ಧ್ವನಿ ಅಸಂಗತವೆನ್ನಲಾರೆವು.

ಭರತನ ವಿಧಿಯನ್ನು ಕರಗ ಉಲ್ಲಂಘಿಸುವುದು ಇಲ್ಲಿಂದಲೇ. ರಂಗದ ಉಪಕರಣ ನಟನಿಗೆ ಅನುಕೂಲವಾಗಿರಬೇಕು, ಅವನನ್ನು ಎಂದೂ ಅಪಾಯಕ್ಕೊಡ್ಡಬಾರದು ಎಂಬುದು ನಾಟ್ಯಶಾಸ್ತ್ರದ ತಾತ್ಪರ್ಯ. ಹಸಿಮಣ್ಣಿನ ಪಾತ್ರೆಯಾದರೋ ಅನನುಕೂಲಕ್ಕಾಗಿಯೇ ಆರಿಸಿಕೊಂಡದ್ದು. ಅದು ಬೀಳಬಹುದು ಎಂಬ ಸಂಭವ ಇರುವುದರಿಂದಲೇ ಬೀಳದೆ ನಡೆದ ನಡಿಗೆಗೆ ಅರ್ಥ ಬರುತ್ತದೆ. ಕರಗ ಹೊತ್ತವನು ಎಡವಿದರೆ ವೀರಕುಮಾರರ ಅಲಗುಗಳು ಅವನ ಮೇಲೆಯೇ ಎರಗಬೇಕೆಂಬುದು ಪ್ರತೀತಿ. ಆ ಅಲಗುಗಳೂ ಕಬ್ಬಿಣದವು. ‘ಅಲಗು ಸೇವೆ’ಯಲ್ಲಿ ಬರಿಯ ಎದೆಗೆ ಅದನ್ನು ಬಡಿದುಕೊಳ್ಳುವ ತರುಣರನ್ನು ಕಂಡವರಿಗೆ ‘ಸಂಜ್ಞಾಮಾತ್ರ’ ಎಂಬ ಮಾತು ಅಲ್ಲಿ ನಿಲ್ಲದೆಂಬುದು ತಿಳಿದೀತು. ಕಂಚು ಕಬ್ಬಿಣಗಳ ಕೆಲಸ ಈ ನೆರೆಹೊರೆಗೆ ಹೊಸದಲ್ಲ. ನಗರ್ತರೆಂಬ ವರ್ತಕರ ಹೆಸರನ್ನು ಹೊತ್ತ ಈ ಪೇಟೆಯಲ್ಲಿ ಅಕ್ಕಸಾಲೆಗಳ ಮಳಿಗೆಗಳು ಬಹುಕಾಲದಿಂದ ಇವೆ. ವಿಶ್ವಕರ್ಮರ ಕಾಳಿಕಾಂಬಾ ಗುಡಿಯೂ ಇದೇ ಪೇಟೆಯಲ್ಲಿದೆ.

ಸಂಪಂಗಿ ಕೆರೆಯ ವೃತ್ತಾಂತವನ್ನು ಇಲ್ಲಿ ವಿಸ್ತರಿಸುವುದು ಅವಶ್ಯಕ. ಏಕೆಂದರೆ ಕ್ರೀಡೆಯ ನಿರ್ವಾಹಕರು ಚೀಟಿಯಿಂದ ಕಲ್ಪಿಸುವ ಅಭಾವವನ್ನು ಇಲ್ಲಿ ಚರಿತ್ರೆಯೇ ತಂದೊಡ್ಡಿದೆ. ಒಂದು ಕಾಲಕ್ಕೆ ಈ ಕೆರೆ ಪೇಟೆಗೂ ದಂಡಿಗೂ ನೀರೂಡುತ್ತಿದ್ದಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಊರಿನ ಹಿರಿಯರ ಕಣ್ಣಿನಲ್ಲಿ ಅದರ ಬೆಲೆ ಇಳಿಯಿತು. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಹಳೆಯ ದಸ್ತಾವೇಜುಗಳನ್ನು ಶೋಧಿಸಿ ತೋರಿಸಿರುವಂತೆ, ಆ ಕೆರೆಯ ಮೇಲೆ ಹಲವರ ಹಕ್ಕುಗಳು ಒಂದರೊಡನೊಂದು ಹೆಣಗುತ್ತಿದ್ದವು. ತೋಟಗಾರರಾದ ವಹ್ನಿಕುಲದವರಿಗೆ ಅಲ್ಲಿ ನೀರು ನಿಲ್ಲಬೇಕಾಗಿದ್ದಿತು. ಇಟ್ಟಿಗೆ ಮಾಡುವವರಿಗೆ ಅದರ ತಳದ ಮಣ್ಣು ಬೇಕಾಗಿದ್ದಿತು. ಕುದುರೆಯೇರಿ ಪೋಲೋ ಆಡುವವರಿಗೆ ಒಣಗಿದ ಬಯಲು ಬೇಕಾಗಿದ್ದಿತು. ಮಣ್ಣು ಒಂದೇ. ಅದನ್ನು ಸುಟ್ಟರೆ ಇಟ್ಟಿಗೆ, ಸುಡದಿದ್ದರೆ ದೇವತೆ, ತುಳಿದರೆ ಮೈದಾನ. ಕೊನೆಗೆ ಗೆದ್ದುದು ಮೈದಾನ. 1946ರಲ್ಲಿ ಅಲ್ಲಿ ಕಂಠೀರವ ಕ್ರೀಡಾಂಗಣವಾಯಿತು. 1997ರ ರಾಷ್ಟ್ರೀಯ ಕ್ರೀಡೆಗಳ ವೇಳೆಗೆ ಅದು ಹೊಸ ರೂಪದಲ್ಲಿ ಎದ್ದುನಿಂತಿತು. ಅಷ್ಟು ದೊಡ್ಡ ಜಲಾಶಯದಲ್ಲಿ ಈಗ ಉಳಿದಿರುವುದು ಕ್ರೀಡಾಂಗಣದ ಬದಿಯ ಒಂದು ಸಣ್ಣ ಕೊಳ. ಅದೂ ಕರಗಕ್ಕಾಗಿ ಉಳಿದುದು.

ಇದನ್ನು ನಾವು ಕೇವಲ ಸ್ಥಳಪುರಾಣವೆಂದು ಹೇಳುತ್ತಿಲ್ಲ. ನಮ್ಮ ವಾದಕ್ಕೆ ಇದೇ ಆಧಾರ. ಚೀಟಿಯ ಕ್ರೀಡೆಯಲ್ಲಿ ‘ಮಣ್ಣು ಸಿಕ್ಕುವುದಿಲ್ಲ’ ಎಂದರೆ ನಿರ್ವಾಹಕನು ಚೀಟಿಯನ್ನು ಮುದ್ರಿಸಲಿಲ್ಲವೆಂದಷ್ಟೇ ಅರ್ಥ. ಆಟದ ಮನೆಗೆ ಹಿಂದಿರುಗಿದೊಡನೆ ಆ ಕೊರತೆ ಮರೆತುಹೋಗುತ್ತದೆ. ಇಲ್ಲಿ ಮಣ್ಣು ಸಿಕ್ಕದಿದ್ದರೆ ದೇವತೆ ಬರುವುದಿಲ್ಲ. ಆ ಭಯದಿಂದಲೇ ಒಂದು ಸಮುದಾಯ, ಊರು ತನ್ನ ಕೆರೆಗಳನ್ನೆಲ್ಲ ನುಂಗುತ್ತಿದ್ದ ಕಾಲದಲ್ಲಿ, ಒಂದು ಮೂಲೆಯನ್ನು ಬಿಟ್ಟುಕೊಡದೆ ಹಿಡಿದುಕೊಂಡಿತು. ವೇಷಕ್ಕೆ ಬೇಕಾದ ಸಾಮಗ್ರಿ ಒಂದು ಜಲಾಶಯದ ಶೇಷವನ್ನು ಕಾಪಾಡಿತೆಂದರೆ ಆಹಾರ್ಯವನ್ನು ಅಭಿನಯದ ಕೊನೆಯ ಅಂಗವೆಂದು ಎಣಿಸುವ ನಮ್ಮ ಅಭ್ಯಾಸವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಧರ್ಮಸ್ಥಾನಗಳ ಹೆಸರಿನಲ್ಲಿ ಉಳಿದುದು ಇಷ್ಟೇ ಏಕೆ, ಕೆರೆಯೆಲ್ಲವೂ ಏಕೆ ಉಳಿಯಲಿಲ್ಲ ಎಂದು ಕೇಳುವವರೂ ಇದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಸಂಕೇತಕ್ಕೆ ಸಾಕಾಗುವಷ್ಟು ಮಣ್ಣು ಉಳಿದರೆ ಊರಿನ ಮನಸ್ಸು ಸಮಾಧಾನ ಹೊಂದಿಬಿಡುತ್ತದೆ. ತೋಟಕ್ಕೆ ಸಾಕಾಗುವಷ್ಟು ನೀರನ್ನು ಅದು ಕೇಳುವುದಿಲ್ಲ. ಈ ಮಟ್ಟಿಗೆ ಆ ಸಣ್ಣ ಕೊಳವೂ ಒಂದು ಚೀಟಿಯಾಗಿದೆಯೋ ಏನೋ.

ತಮಿಳುನಾಡಿನ ಜಿಂಜಿಯ ಪ್ರಾಂತದಲ್ಲಿಯೂ ದ್ರೌಪದಿಯ ಆರಾಧನೆ ಪ್ರಬಲವಾಗಿದೆ. ಆಲ್ಫ್ ಹಿಲ್ಟೆಬೈಟಲ್ ಎಂಬ ವಿದ್ವಾಂಸರು ಅದನ್ನು ಕುರಿತು ದೊಡ್ಡ ಗ್ರಂಥವನ್ನೇ ರಚಿಸಿದ್ದಾರೆ. ಅಲ್ಲಿ ಊರ ಹೊರಗಿನ ನೆಲದ ಮೇಲೆ ಮಲಗಿದ ದುರ್ಯೋಧನನ ಭಾರಿ ಮೂರ್ತಿಯನ್ನು ಮಣ್ಣಿನಿಂದ ಮಾಡುತ್ತಾರೆ. ಭೀಮನ ಪಾತ್ರಧಾರಿ ಅದರ ತೊಡೆಯನ್ನು ಒಡೆಯುತ್ತಾನೆ, ದ್ರೌಪದಿ ಮುಡಿ ಕಟ್ಟುತ್ತಾಳೆ. ಅಲ್ಲಿ ಮಣ್ಣು ಒಡೆಯುವುದಕ್ಕೆಂದು ಇದೆ. ಬೆಂಗಳೂರಿನಲ್ಲಿ ಒಡೆಯಬಾರದೆಂದು ಇದೆ. ಸೋದರ ಸಂಪ್ರದಾಯಗಳಲ್ಲಿ ಒಂದೇ ದ್ರವ್ಯ ಹೀಗೆ ಎದುರುಬದುರಾದ ಕೆಲಸ ಮಾಡುವುದು ಕುತೂಹಲಕರ. ಯುದ್ಧದ ಕೊನೆಯನ್ನು ಆಡುವವರಿಗೂ ಯುದ್ಧದ ನಂತರವನ್ನು ಆಡುವವರಿಗೂ ಇರುವ ಅಂತರ ಇದರಲ್ಲಿ ಕಾಣುತ್ತದೆ ಎಂದು ನಮ್ಮ ಊಹೆ.

ಮಲ್ಲಿಗೆಯ ವಿಷಯವಾಗಿ ಹೆಚ್ಚು ಹೇಳಬೇಕಾಗಿಲ್ಲ. ಹುಣ್ಣಿಮೆಯ ರಾತ್ರಿ ಕರಗವನ್ನು ಮುಚ್ಚುವ ಮಲ್ಲಿಗೆಯ ಗೋಪುರ ಎಲ್ಲರ ಕಣ್ಣಿಗೂ ಬೀಳುವಂಥದು, ಎಲ್ಲ ಚಿತ್ರಗಳಲ್ಲಿಯೂ ಬರುವಂಥದು. ತಿಗಳರು ಕುಲಕಸುಬಿನಿಂದ ತೋಟಗಾರರು. ಲಾಲ್‌ಬಾಗಿನೊಡನೆ ಅವರಿಗಿರುವ ನಂಟು ಪ್ರಸಿದ್ಧವಾದುದು. ತಮ್ಮ ದೇವತೆಯನ್ನು ಅವರು ತಮ್ಮ ಕೈಯ ಬೆಳೆಯಿಂದ ಸಿಂಗರಿಸಿದರು ಎಂಬುದರಲ್ಲಿ ಒಂದು ಔಚಿತ್ಯವಿದ್ದಿತು. ತೋಟಗಳು ಬಡಾವಣೆಗಳಾದ ಮೇಲೆ ಹೂವನ್ನು ಮಾರುಕಟ್ಟೆಯಲ್ಲಿ ಕೊಳ್ಳಬೇಕಾಗಿದೆ. ಪ್ರೇಕ್ಷಕನಿಗೆ ಇದರಿಂದ ವ್ಯತ್ಯಾಸವೇನೂ ತೋರದು. ಕೊಂಡ ಮಲ್ಲಿಗೆಯೂ ಅಷ್ಟೇ ಬಿಳುಪು, ಅಷ್ಟೇ ಕಂಪು. ಬೆಳಗಾಗುವ ವೇಳೆಗೆ ಅದೂ ಬಾಡುತ್ತದೆ. ಆದರೆ ಬೆಳೆದವನೇ ಮುಡಿಸುವುದು ಬೇರೆ, ಕೊಂಡವನು ಮುಡಿಸುವುದು ಬೇರೆ. ಕ್ರೀಡೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸಂಗ್ರಹದಿಂದ ವಿನಿಮಯಕ್ಕೆ ಇಳಿದ ದ್ರವ್ಯ.

ನಮಗೆ ಬಹಳ ಕಷ್ಟವಾಗಿ ತೋರುವುದು ಮತ್ತೊಂದು ದ್ರವ್ಯ. ಅದರ ವಿಚಾರವಾಗಿ ಉತ್ಸವದ ವರ್ಣನೆಗಳಲ್ಲಿ ಒಂದೆರಡು ವಾಕ್ಯಗಳಿಗಿಂತ ಹೆಚ್ಚು ದೊರೆಯುವುದು ಅಪರೂಪ. ಕರಗ ಹೊರುವ ಪೂಜಾರಿ ಸ್ತ್ರೀವೇಷವನ್ನು ತಾಳುತ್ತಾನೆ: ಅರಿಸಿನ ಬಣ್ಣದ ಸೀರೆ, ಕುಪ್ಪಸ, ಕಣ್ಣಿಗೆ ಕಾಡಿಗೆ, ಕೈತುಂಬ ಬಳೆ, ಕೊರಳಲ್ಲಿ ಮಾಂಗಲ್ಯ. ಬಳೆಪೇಟೆ ಅಲ್ಲಿಂದ ಎಷ್ಟು ದೂರ! ಬಳೆಯನ್ನು ಅಂಗಡಿಯಿಂದ ತರಬಹುದಾಗಿದ್ದಿತು. ಆದರೆ ಸಂಪ್ರದಾಯ ಹಾಗೆ ಹೇಳುವುದಿಲ್ಲ. ಮಾಂಗಲ್ಯವನ್ನೂ ಬಳೆಗಳನ್ನೂ ಆತನ ಹೆಂಡತಿ ತೆಗೆದುಕೊಡಬೇಕು. ಕೊಟ್ಟು, ಉತ್ಸವ ಮುಗಿಯುವವರೆಗೆ ಗಂಡನ ಮುಖವನ್ನು ನೋಡದೆ, ಕರಗದ ಮೆರವಣಿಗೆಯನ್ನೂ ನೋಡದೆ ಮರೆಯಲ್ಲಿರಬೇಕು. ಸುತ್ತಲಿನ ಪೇಟೆಗಳೆಲ್ಲ ಯಾರನ್ನು ನೋಡಲು ನಿದ್ದೆಗೆಟ್ಟು ಬೀದಿಯಲ್ಲಿ ನಿಂತಿವೆಯೋ ಅವನನ್ನು ನೋಡಲಾಗದವಳು ಅವಳೊಬ್ಬಳೆ.

ಹಸಿಮಣ್ಣನ್ನೂ ಅಲಗನ್ನೂ ಕುರಿತು, ದ್ರವ್ಯ ನಿಜವಾಗಿದ್ದರೆ ಪಾತ್ರಕ್ಕೆ ತೂಕ ಬರುತ್ತದೆ ಎಂದು ನಾವು ವಾದಿಸಿದೆವು. ಆ ವಾದವನ್ನು ಕೊನೆಯವರೆಗೆ ನಡೆಸಿದರೆ ಇಲ್ಲಿಗೆ ಬಂದು ನಿಲ್ಲುತ್ತೇವೆ. ಈ ಮಾಂಗಲ್ಯ ಹಗುರಮರದ ಪದಕವಲ್ಲ. ತೊಟ್ಟವನಿಗೆ ಅದು ವೇಷ, ಕೊಟ್ಟವಳಿಗೆ ಅದು ವೇಷವಲ್ಲ. ಪಾತ್ರದ ಬೆಲೆಯನ್ನು ಪಾತ್ರಧಾರಿಯಲ್ಲದವಳು ತೆರುತ್ತಾಳೆ. ಕಥೆಯಲ್ಲಿ ಗಂಡಂದಿರು ಬಿಟ್ಟುಹೋದ ದ್ರೌಪದಿ ತನ್ನ ಮೈಯಿಂದಲೇ ಎಲ್ಲವನ್ನೂ ನಿರ್ಮಿಸಿಕೊಂಡಳಷ್ಟೆ; ಆಚರಣೆಯಲ್ಲಿ ದ್ರೌಪದಿಯಾಗಬೇಕಾದ ಪುರುಷನಿಗೆ ಇನ್ನೊಬ್ಬ ಸ್ತ್ರೀಯ ಮೈಮೇಲಿನ ಸಾಮಗ್ರಿ ಬೇಕಾಗುತ್ತದೆ. ಒಂದು ದೃಷ್ಟಿಯಿಂದ ನೋಡಿದರೆ ಕಥೆಯ ದ್ರೌಪದಿಯ ಏಕಾಕಿತನವನ್ನು ಆ ಇರುಳಿನಲ್ಲಿ ನಿಜವಾಗಿ ಅನುಭವಿಸುವವಳು ಆಕೆಯೇ. ವೇಷವಿಲ್ಲದೆ ಪಾತ್ರವನ್ನು ವಹಿಸಿದವಳು. ಹೀಗೆ ಹೇಳಿದರೆ ಅವಳ ಕಷ್ಟವನ್ನು ಅಲಂಕರಿಸಿದಂತಾಗುತ್ತದೆಯೇ ಎಂಬ ಸಂಕೋಚ ನಮಗಿದೆ. ಪೂಜಾರಿಯ ತಿಂಗಳುಗಟ್ಟಲೆಯ ನಿಷ್ಠೆಯನ್ನು ಪ್ರಶಂಸಿಸುವ ಪುಟಗಳಲ್ಲಿ ಈ ಕೊಡುಗೆಯನ್ನೂ ಕೊಡುಗೆಯೆಂದು ಬರೆಯಬೇಕು. ಯಾವ ಹೆಂಡತಿಯೂ ಬೇಡವೆನ್ನುವ ಸ್ವಾತಂತ್ರ್ಯವುಳ್ಳವಳಾಗಿದ್ದಾಳೆಯೇ ಎಂಬ ಪ್ರಶ್ನೆಯನ್ನು ಕೇಳದೆ ಹಾಗೆ ಬರೆಯಲೂ ಆಗದು. ಸ್ತ್ರೀಯರೇ ಆದ ಸಂಶೋಧಕರು ಆ ಮನೆಯ ಬಾಗಿಲಿಗೆ ಹೋಗಿ ಕುಳಿತು ಕೇಳಿ ಬರೆಯುವ ಕೆಲಸ ಇದು. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಕರಗದ ಮೂಲಕ ನಗರದ ನೆನಪನ್ನೇ ಓದಿ ತೋರಿಸಿತು; ಆ ಮಾರ್ಗದಲ್ಲಿ ಮುಂದುವರಿಯುವ ಕನ್ನಡದ ವಿದ್ಯಾರ್ಥಿನಿಯರು ನಮ್ಮ ವಿಭಾಗಗಳಲ್ಲಿಲ್ಲದೆ ಇಲ್ಲ.

ಚೀಟಿಯ ಪಕ್ಷದವರು ಇಲ್ಲಿ ಒಂದು ಮಾತು ಹೇಳಬಲ್ಲರು. ‘ನೋಡಿ, ಇದಕ್ಕಾಗಿಯೇ ನಾವು ಕಾಗದವನ್ನು ಬಳಸುತ್ತೇವೆ. ನಮ್ಮ ಆಟದಲ್ಲಿ ಯಾರೂ ಗಾಯಗೊಳ್ಳುವುದಿಲ್ಲ, ಯಾರ ಮಾಂಗಲ್ಯವೂ ಇಳಿಯುವುದಿಲ್ಲ’ ಎಂದು. ಇದು ಬಲವಾದ ಮಾತು. ಭರತನ ಹಗುರಮರದ ಹಿಂದೆಯೂ ಇದೇ ಕರುಣೆ ಇದ್ದಿರಬೇಕು. ಕಲೆಯು ನೋವನ್ನು ರಸವಾಗಿಸಬೇಕಾದರೆ ನೋವು ನಿಜವಾಗಿರಬಾರದು ಎಂಬುದು ನಮ್ಮ ಆಲಂಕಾರಿಕರ ಸಾಮಾನ್ಯ ನಿಲುವು. ನಾವು ಅದನ್ನು ನಿರಾಕರಿಸುವವರಲ್ಲ. ಆದರೆ ಕಾಗದದಲ್ಲಿ ಬರೆದ ಮಣ್ಣು ಯಾವ ಕೆರೆಯನ್ನೂ ನೆನಪಿಗೆ ತರದು. ಲೋಕ ಅಳಿದ ಮೇಲೆ ಬದುಕುವುದು ಹೇಗೆಂದು ಆಡಿ ಕಲಿಯಲು ಹೊರಟವರು ಮಣ್ಣು ಎಲ್ಲಿಂದ ಬರುತ್ತದೆಂಬುದನ್ನೇ ಕಲಿಯದೆ ಹಿಂದಿರುಗುವುದು ಆ ಕ್ರೀಡೆಯ ಬಡತನ.

ಇದಕ್ಕೆ ಪರಿಹಾರ ದೂರದಲ್ಲಿಲ್ಲ ಎನ್ನಿಸುತ್ತದೆ. ಇಂತಹ ಆಟಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಬಲ್ಲ ವಿದ್ಯಾರ್ಥಿಗಳು ಈಗ ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಸೋಡಾ ಸೀಸೆಯ ಮುಚ್ಚಳವೇ ನಾಣ್ಯವಾದ ‘ಫಾಲ್‌ಔಟ್’ ಎಂಬ ಆಟ 1997ರಲ್ಲಿ, ಕಂಠೀರವದಲ್ಲಿ ರಾಷ್ಟ್ರೀಯ ಕ್ರೀಡೆಗಳು ನಡೆದ ವರ್ಷವೇ, ಹೊರಬಂದುದು. ಅವರನ್ನು ಒಂದು ಬೆಳಿಗ್ಗೆ ನಗರ್ತಪೇಟೆಯಿಂದ ಹೊರಡಿಸಿ ನಡೆಸಬೇಕು. ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳೇ ಸಾಮಗ್ರಿಗಳ ಪಟ್ಟಿಯಂತಿವೆ: ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಅವುಗಳ ಪಕ್ಕದಲ್ಲಿಯೇ ಆ ಸಾಮಗ್ರಿಗಳನ್ನು ವಸ್ತುವಾಗಿಸುವವರ ಪೇಟೆಗಳು, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಸ್ವಲ್ಪ ಆಚೆಗೆ ಸಾದರ ಪಟ್ರಪ್ಪನವರ ರಸ್ತೆಯಲ್ಲಿ ಇಂದಿನ ಕಾಲದ ತಂತಿ, ಯಂತ್ರದ ಬಿಡಿಭಾಗ, ಹಳೆಯ ಕಬ್ಬಿಣಗಳ ರಾಶಿ. ಕುಂಬಾರಪೇಟೆಯಲ್ಲಿ ಈಗ ಚಕ್ರ ತಿರುಗುತ್ತಿರುವುದನ್ನು ಕಾಣಲಾರೆವು, ಅರಳೆಪೇಟೆಯಲ್ಲಿ ಅರಳೆಯ ಅಂಗಡಿಗಳನ್ನು ಹುಡುಕಬೇಕು. ಹೆಸರು ಉಳಿದು ದ್ರವ್ಯ ಹೋದ ಪೇಟೆ ಚೀಟಿಯನ್ನೇ ಹೋಲುತ್ತದೆ. ಆದರೆ ವರ್ಷಕ್ಕೊಂದು ರಾತ್ರಿ ಕರಗ ಈ ಪೇಟೆಗಳ ನಡುವೆ ಹಾದು, ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾವನ್ನು ಮುಟ್ಟಿ, ಬೆಳಗಾಗುವ ಹೊತ್ತಿಗೆ ಗುಡಿಗೆ ಹಿಂದಿರುಗುತ್ತದೆ. ದರ್ಗಾದ ಭೇಟಿಯನ್ನು ಬಿಡಬೇಕೆಂಬ ಕೂಗು 2022ರಲ್ಲಿ ಎದ್ದಿತು. ಕರಗ ಅಲ್ಲಿಗೆ ಹೋಗಿಯೇ ಬಂದಿತು. ಹೋಗುವ ದಾರಿಯೂ ಒಂದು ದ್ರವ್ಯವೆಂದು ಆ ಸಮುದಾಯದವರು ಬಗೆದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕರಗದೊಳಗೆ ಏನಿದೆ ಎಂಬುದನ್ನು ಹೊರಗಿನವರಿಗೆ ಹೇಳುವುದಿಲ್ಲ. ಇದನ್ನು ಪ್ರಸ್ತಾಪಿಸುವುದು ರಹಸ್ಯವನ್ನು ಭೇದಿಸುವ ಆಸೆಯಿಂದಲ್ಲ. ಹೊಸ ಕ್ರೀಡೆಗಳಲ್ಲಿ ಪ್ರತಿಯೊಂದು ಸಾಮಗ್ರಿಗೂ ಲೆಕ್ಕವಿರಬೇಕು. ಲೆಕ್ಕಕ್ಕೆ ಸಿಕ್ಕದ ವಸ್ತು ಅಲ್ಲಿ ಮೋಸ. ಇಲ್ಲಿ ಲೆಕ್ಕಕ್ಕೆ ಸಿಕ್ಕದುದು ನಡುವಿನಲ್ಲಿದೆ, ಉಳಿದ ಎಲ್ಲವೂ ಅದರ ಸುತ್ತ ಇವೆ. ದ್ರವ್ಯವಿಚಾರವಾಗಿ ಇಷ್ಟೆಲ್ಲ ಬರೆದ ನಾವು ಅಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಕೋವಿಡ್ ಪಿಡುಗಿನ 2020ರ ಚೈತ್ರದಲ್ಲಿ ಊರೇ ಬಾಗಿಲು ಹಾಕಿಕೊಂಡಿದ್ದಾಗ, ಕಥೆಯ ಕಲ್ಪನೆ ಎಲ್ಲರ ಪಾಲಿಗೂ ಒಂದಿಷ್ಟು ನಿಜವಾಗಿದ್ದಾಗ, ಮೆರವಣಿಗೆಯನ್ನು ಬಿಡಬೇಕಾಯಿತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬುದು ಆಗ ಸ್ಪಷ್ಟವಾಗಿ ಕಂಡಿತು. ಜನಸಮೂಹವನ್ನು ಬಿಟ್ಟರು, ಬೀದಿಗಳನ್ನು ಬಿಟ್ಟರು, ದೀಪಾಲಂಕಾರವನ್ನು ಬಿಟ್ಟರು. ಕೆಲವೇ ಮಂದಿಯ ನಡುವೆ ಗುಡಿಯ ಆವರಣದೊಳಗೇ ಕರಗ ಆಯಿತು. ಹುಣ್ಣಿಮೆಯನ್ನು ಮುಂದಕ್ಕೆ ಹಾಕಲಿಲ್ಲ.